ಜೋಡಿ ಎಸ್‌ಯು ಕಾರ್ಬ್ಯುರೇಟರಿನ ಹಳೇ ಸ್ಪೋರ್ಟ್ಸ್ ಕಾರು ಎಮಿಷನ್ ಟೆಸ್ಟಿನಲ್ಲಿ ಫೇಲಾದರೆ: ದೋಷ ಹುಡುಕುವ ಕ್ರಮ

ಕಾರು ರಸ್ತೆಯಲ್ಲಿ ಚೆನ್ನಾಗೇ ಓಡುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬಂದರೂ ಎಲ್ಲೂ ಜರ್ಕ್ ಇಲ್ಲ, ಕಣ್ಣಿಗೆ ಕಾಣುವ ಹೊಗೆ ಇಲ್ಲ. ಎಮಿಷನ್ ಸೆಂಟರಿನಲ್ಲಿ ಸೈಲೆನ್ಸರಿಗೆ ಪ್ರೋಬ್ ತೂರಿಸಿದರೆ ಮಾತ್ರ ಸಿಒ (ಕಾರ್ಬನ್ ಮಾನಾಕ್ಸೈಡ್) ಶೇ. 6, ಎಚ್‌ಸಿ (ಹೈಡ್ರೋಕಾರ್ಬನ್) 1,900 ಪಿಪಿಎಂ ಅಂತ ಬಂದು ಫೇಲ್. ಎಂಜಿಬಿ, ಎಂಜಿ ಮಿಡ್ಜೆಟ್, ಟ್ರಯಂಫ್ ಸ್ಪಿಟ್‌ಫೈರ್ ಥರದ, ಎರಡು ಎಸ್‌ಯು ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ, ಎಸ್‌ಯು ಎಂಬ ಬ್ರಿಟಿಷ್ ಕಂಪನಿಯ ಸಾಧನ) ಇರುವ ಕಾರುಗಳಲ್ಲಿ ಇದು ಮಾಮೂಲಿ ದೂರು. ಯಾಕೆಂದರೆ ಹಳೇ ಕಾರಿಗೆ ಟೆಸ್ಟ್ ನಡೆಯುವುದು ಐಡ್ಲಿಂಗಿನಲ್ಲಿ ಮಾತ್ರ, ಎಸ್‌ಯು ಕಾರ್ಬ್ಯುರೇಟರ್ ಸವೆದದ್ದು ಮೊದಲು ಗೊತ್ತಾಗುವುದೂ ಐಡ್ಲಿಂಗಿನಲ್ಲೇ.

ಲೆಕ್ಕ ಹೀಗಿದೆ. ಈ ಕಾರುಗಳಲ್ಲಿರುವ ಎಚ್‌ಎಸ್2 ಮತ್ತು ಎಚ್‌ಎಸ್4 ಮಾದರಿಯ ಎಸ್‌ಯು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬರುವ ಕೊಳವೆಯ, ಅಂದರೆ ಜೆಟ್ಟಿನ, ತೂತು 0.090 ಇಂಚು. ಗಾಳಿಯ ಎಳೆತಕ್ಕೆ ಏರಿಳಿಯುವ ಒಂದು ಪಿಸ್ಟನ್ನಿನ ತಳದಿಂದ ಅದರೊಳಗೆ ಇಳಿಬಿಟ್ಟ ಸೂಜಿಯ ದಪ್ಪ ಬುಡದಲ್ಲಿ 0.089 ಇಂಚು. ಐಡ್ಲಿಂಗಿನಲ್ಲಿ ಪೆಟ್ರೋಲ್ ಮೇಲೇರುವುದು ಈ ಬುಡದ ಆಸುಪಾಸಿನ ಕೂದಲೆಳೆಯಷ್ಟು ಸಂದಿಯಲ್ಲಿ. ವರ್ಷಗಟ್ಟಲೆ ಸೂಜಿ ಒಂದೇ ಕಡೆ ಉಜ್ಜಿ ಉಜ್ಜಿ ಜೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಬುಡದ ಅಳತೆಯಲ್ಲೇ ಲೆಕ್ಕ ಹಾಕಿ ನೋಡಿ: ತೂತು 0.090ರಿಂದ 0.091ಕ್ಕೆ ಹಿಗ್ಗಿದರೆ, ಅಂದರೆ ಒಂದೇ ಒಂದು ಥೌ (ಇಂಚಿನ ಸಾವಿರದ ಒಂದು ಭಾಗ) ಸವೆದರೆ, ಪೆಟ್ರೋಲ್ ಹಾಯುವ ಸಂದಿ ಇಮ್ಮಡಿ. ಅದೇ 80ರ ವೇಗದಲ್ಲಿ ಸೂಜಿಯ ಸಣ್ಣ ತುದಿ ಜೆಟ್ಟಿನಲ್ಲಿರುತ್ತದೆ, ಸಂದಿ ಹೇಗೂ ದೊಡ್ಡದು, ಒಂದು ಥೌ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಓಡಿಸುವವರಿಗೆ ಏನೂ ಗೊತ್ತಾಗದು, ಮೆಷಿನ್ನಿಗೆ ಮಾತ್ರ ಗೊತ್ತಾಗುತ್ತದೆ.

ಇಷ್ಟು ಓದಿದವರು ಸ್ಪ್ಯಾನರ್ ಹಿಡಿದು ನೇರ ಜೆಟ್ ನಟ್ಟಿಗೆ (ಜೆಟ್ಟನ್ನು ಮೇಲೆ ಕೆಳಗೆ ಮಾಡಿ ಪೆಟ್ರೋಲ್ ಪ್ರಮಾಣ ಹೊಂದಿಸುವ ನಟ್ಟು) ಕೈ ಹಾಕುತ್ತಾರೆ. ಹಾಕಬೇಡಿ. ಕಾರ್ಬ್ಯುರೇಟರ್ ಮುಟ್ಟುವುದು ಕೊನೆಗೆ. ಇಗ್ನಿಷನ್, ವಾಲ್ವ್, ಗಾಳಿ ಸೋರಿಕೆ ಈ ಮೂರೂ ಸರಿಯಿವೆ ಎಂದು ಖಾತ್ರಿಯಾಗದೆ ನಟ್ಟು ತಿರುಗಿಸಿದರೆ ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದಂತೆ. ಆರು ತಿಂಗಳ ನಂತರ ಎರಡೂ ಎದ್ದು ಬರುತ್ತವೆ.

ಮಿತಿ ಎಷ್ಟು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೇ ನಿಯಮದ ಪ್ರಕಾರ ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಐಡ್ಲಿಂಗಿನಲ್ಲಿ ಸಿಒ ಶೇ. 3.0, ಎಚ್‌ಸಿ 1,500 ಪಿಪಿಎಂ ಮೀರಬಾರದು. ಸ್ಟೇಜ್ 2 ಮತ್ತು 3ರ ಕಾರಿಗೆ 0.5 ಮತ್ತು 750, ಸ್ಟೇಜ್ 4ಕ್ಕೆ 0.3 ಮತ್ತು 200. 1960–70ರ ದಶಕದ ಎಂಜಿಬಿ ಮೊದಲನೇ ಸಾಲಿಗೆ ಸೇರಿದ್ದು. ಫೇಲಾದ ಚೀಟಿ ಕೈಗೆ ಬಂದ ಕೂಡಲೇ ಅದರಲ್ಲಿ ಯಾವ ಮಿತಿ ಅಚ್ಚಾಗಿದೆ ನೋಡಿ. ತಯಾರಿಕೆಯ ವರ್ಷದ ಬದಲು ಮರುನೋಂದಣಿಯ ವರ್ಷ ಕಂಪ್ಯೂಟರಿಗೆ ಹೋಗಿದ್ದರೆ 0.5ರ ಮಿತಿ ಬಿದ್ದಿರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಕಾರ್ಬ್ಯುರೇಟರ್ ಕಾರನ್ನು ಅಷ್ಟಕ್ಕೆ ಇಳಿಸಲು ಹೋದರೆ ಐಡ್ಲಿಂಗೇ ನಿಲ್ಲುವುದಿಲ್ಲ. ಅಂಥಲ್ಲಿ ಕೆಟ್ಟಿರುವುದು ಕಾರಲ್ಲ, ಎಂಟ್ರಿ. ಆರ್‌ಸಿ ತೋರಿಸಿ ವರ್ಷ ತಿದ್ದಿಸಿ.

ಹಳೇ ಕಾರಿನ ಸರ್ಟಿಫಿಕೇಟ್ ಆರು ತಿಂಗಳಿಗೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಿಸುವಾಗಲೂ, ದಾವಣಗೆರೆಯ ಕೆಎ 17 ಆಗಲಿ ಚಿತ್ರದುರ್ಗದ ಕೆಎ 16 ಆಗಲಿ, ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಇರಲೇಬೇಕು.

ಚೀಟಿಯ ಅಂಕಿಗಳನ್ನು ಒಟ್ಟಿಗೆ ಓದಿ

ಸಿಒ ಒಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಸಿಒ ಹೇಳುವುದು ಪೆಟ್ರೋಲ್ ಜಾಸ್ತಿಯಾಗಿದೆಯೇ ಎಂಬುದನ್ನು. ಎಚ್‌ಸಿ ಹೇಳುವುದು ಉರಿಯದೇ ಹೊರಬಿದ್ದ ಪೆಟ್ರೋಲ್ ಎಷ್ಟು ಎಂಬುದನ್ನು. ನಾಲ್ಕು ಅನಿಲ ಅಳೆಯುವ ಮೆಷಿನ್ನಾದರೆ ಕಾರ್ಬನ್ ಡೈಆಕ್ಸೈಡ್, ಆಕ್ಸಿಜನ್ ಅಂಕಿಗಳೂ ಸಿಗುತ್ತವೆ. ಅವನ್ನೂ ಕೇಳಿ ಬರೆದುಕೊಳ್ಳಿ.

ಸಿಒ 5–7, ಎಚ್‌ಸಿ 1,000ದ ಒಳಗೆ, ಆಕ್ಸಿಜನ್ ಕಡಿಮೆ: ಮಿಶ್ರಣ ರಿಚ್, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಜಾಸ್ತಿ. ಇದು ನಿಜವಾಗಿ ಕಾರ್ಬ್ಯುರೇಟರಿನ ಕೇಸು.

ಸಿಒ 1ಕ್ಕಿಂತ ಕಡಿಮೆ, ಎಚ್‌ಸಿ 1,500 ದಾಟಿ ಮೇಲೆ ಕೆಳಗೆ ಕುಣಿಯುತ್ತಿದೆ, ಆಕ್ಸಿಜನ್ ಜಾಸ್ತಿ: ಲೀನ್ ಆಗಿ, ಅಂದರೆ ಪೆಟ್ರೋಲ್ ಸಾಲದೆ, ಮಿಸ್ ಹೊಡೆಯುತ್ತಿದೆ. ಗಾಳಿ ಎಳೆಯುತ್ತಿರಬಹುದು.

ಸಿಒ 2–3ರಲ್ಲಿ ಸರಿಯಾಗೇ ಇದೆ, ಎಚ್‌ಸಿ ಮಾತ್ರ ಎರಡು ಮೂರು ಸಾವಿರ: ಕಾರ್ಬ್ಯುರೇಟರ್ ನಿರಪರಾಧಿ. ಪ್ಲಗ್, ಪ್ಲಗ್ ವೈರ್, ಪಾಯಿಂಟ್, ಅತಿ ಮುಂದಿರುವ ಟೈಮಿಂಗ್ (ಕಿಡಿ ಹಾರುವ ಹೊತ್ತು), ಬಿಗಿಯಾದ ಎಕ್ಸಾಸ್ಟ್ ವಾಲ್ವ್, ಇವುಗಳಲ್ಲಿ ಒಂದು.

ಎರಡೂ ಜಾಸ್ತಿ: ಪ್ಲಗ್ ಒದ್ದೆಯಾಗುವಷ್ಟು ಪೆಟ್ರೋಲ್ ಬರುತ್ತಿದೆ. ಚೋಕ್, ಫ್ಲೋಟ್ (ಬಟ್ಟಲಿನಲ್ಲಿ ತೇಲಿ ಪೆಟ್ರೋಲ್ ಮಟ್ಟ ಕಾಯುವ ಭಾಗ) ಮೊದಲು ನೋಡಿ.

ಇನ್ನೊಂದು ಲೆಕ್ಕ ಕಾಗದದಲ್ಲೇ ಆಗುತ್ತದೆ. ಸಿಒ ಮತ್ತು ಕಾರ್ಬನ್ ಡೈಆಕ್ಸೈಡ್ ಎರಡರ ಶೇಕಡಾವಾರು ಕೂಡಿ. ಸುಮಾರು 15ರ ಹತ್ತಿರ ಇರಬೇಕು. 10–11 ಬಂದರೆ ಹೊಗೆಗೆ ಹೊರಗಿನ ಗಾಳಿ ಬೆರೆತಿದೆ: ಸೈಲೆನ್ಸರ್ ತೂತು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋಗಿದೆ, ಅಥವಾ ಪ್ರೋಬ್ ಪೂರ್ತಿ ಒಳಗೆ ಹೋಗಿಲ್ಲ. ಪ್ರೋಬ್ ಕನಿಷ್ಠ 300 ಮಿ.ಮೀ. ಒಳಗಿರಬೇಕು. ಗಾಳಿ ಬೆರೆತರೆ ಸಿಒ ಸುಳ್ಳೇ ಕಡಿಮೆ ತೋರಿಸುತ್ತದೆ, ಪಾಸಾಯಿತು ಎಂದು ಖುಷಿಪಡುವಂತಿಲ್ಲ. ಆ ಅಂಕಿ ನಂಬಿ ಟ್ಯೂನ್ ಮಾಡಿದರೆ ನಿಜಕ್ಕೂ ರಿಚ್ ಇರುವ ಕಾರನ್ನು ಇನ್ನೂ ರಿಚ್ ಮಾಡುತ್ತೀರಿ.

ಮೊದಲು ಇಗ್ನಿಷನ್, ವಾಲ್ವ್

ನಾಲ್ಕೂ ಪ್ಲಗ್ ಬಿಚ್ಚಿ, ತೆಗೆದ ಕ್ರಮದಲ್ಲೇ ಒಂದು ಹಲಗೆ ಮೇಲೆ ಸಾಲಾಗಿ ಇಡಿ. ಈ ಕಾರುಗಳಲ್ಲಿ ಮುಂದಿನ ಕಾರ್ಬ್ಯುರೇಟರ್ 1 ಮತ್ತು 2ನೇ ಸಿಲಿಂಡರಿಗೆ, ಹಿಂದಿನದು 3 ಮತ್ತು 4ಕ್ಕೆ ಉಣಿಸುತ್ತದೆ. 1–2 ಕಪ್ಪು ಮಸಿ, 3–4 ಇಟ್ಟಿಗೆ ಬಣ್ಣವಾದರೆ ಮುಂದಿನ ಕಾರ್ಬ್ಯುರೇಟರಿನ ತಪ್ಪು. ಒಂದೇ ಪ್ಲಗ್ ಮಾತ್ರ ಬೇರೆ ಇದ್ದರೆ ಅದು ಕಾರ್ಬ್ಯುರೇಟರಿನದ್ದಲ್ಲ. ಆ ಸಿಲಿಂಡರಿನ ವೈರು, ವಾಲ್ವು, ರಿಂಗು ನೋಡಬೇಕು. ಮಸಿ ಬೆರಳಿಗೆ ಒಣಗಿ ಹತ್ತಿದರೆ ಪೆಟ್ರೋಲಿನದು, ಜಿಡ್ಡಾಗಿ ಹತ್ತಿದರೆ ಆಯಿಲಿನದು.

ಪ್ಲಗ್ ಗ್ಯಾಪ್ 0.025 ಇಂಚು. ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಗ್ಯಾಪ್ 0.014ರಿಂದ 0.016. ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಡ್ಡ ಕಂಡರೆ ಕಂಡೆನ್ಸರನ್ನೂ ಬದಲಿಸಿ. ವ್ಯಾಕ್ಯೂಮ್ ಅಡ್ವಾನ್ಸಿನ ಪೈಪ್ ಬಿಚ್ಚಿ ಬಾಯಿಂದ ಎಳೆದು ತುದಿಗೆ ನಾಲಿಗೆ ಅಡ್ಡ ಹಿಡಿಯಿರಿ. ನಾಲಿಗೆ ಅಂಟಿಕೊಂಡು ನಿಂತರೆ ಒಳಗಿನ ಡಯಾಫ್ರಂ ಸರಿಯಿದೆ, ಸಡಿಲವಾದರೆ ಹರಿದಿದೆ.

ಟೈಮಿಂಗ್ ಮುಂದಿದ್ದಷ್ಟೂ ಐಡ್ಲಿಂಗಿನಲ್ಲಿ ಎಚ್‌ಸಿ ಏರುತ್ತದೆ. ಪಿಕಪ್ ಬರಲಿ ಎಂದು ಡಿಸ್ಟ್ರಿಬ್ಯೂಟರನ್ನು ಕೈಅಂದಾಜಿನಲ್ಲಿ ಒಂದಿಷ್ಟು ತಿರುಗಿಸಿಟ್ಟ ಕಾರುಗಳು ಬೇಕಾದಷ್ಟಿವೆ. ಟೈಮಿಂಗ್ ಲೈಟ್ ಹಾಕಿ ಆಯಾ ಎಂಜಿನ್ ನಂಬರಿನ ಕೈಪಿಡಿಯ ಅಂಕಿಗೆ ತನ್ನಿ.

ವಾಲ್ವ್ ಗ್ಯಾಪ್ ಎಂಜಿನ್ ತಣ್ಣಗಿರುವಾಗ: ಎಂಜಿಬಿಗೆ 0.015 ಇಂಚು, 1,275 ಸಿಸಿ ಮಿಡ್ಜೆಟ್ಟಿಗೆ 0.012, ಸ್ಪಿಟ್‌ಫೈರಿಗೆ 0.010. ಟಪ್ಪೆಟ್ ಸದ್ದು ಬರುತ್ತದೆ ಎಂದು ಬಿಗಿ ಮಾಡಿಟ್ಟರೆ ಕಾರು ಸುಮ್ಮನಾಗುತ್ತದೆ, ಎಚ್‌ಸಿ ಸುಮ್ಮನಿರುವುದಿಲ್ಲ. ಸ್ವಲ್ಪ ಟಕಟಕ ಇದ್ದರೆ ಇರಲಿ ಬಿಡಿ. ಕಂಪ್ರೆಷನ್ ನಾಲ್ಕರಲ್ಲೂ ಹತ್ತಿರ ಹತ್ತಿರ ಇರಬೇಕು. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 15ಕ್ಕೂ ಹೆಚ್ಚು ಕಡಿಮೆ ತೋರಿಸಿದರೆ ಟ್ಯೂನಿಂಗ್ ಅಲ್ಲಿಗೇ ನಿಲ್ಲಿಸಿ, ಹೆಡ್ ಬಿಚ್ಚುವ ಮಾತಾಡಿ.

ದಾವಣಗೆರೆಯಲ್ಲಿ ಅಂಬಾಸಡರ್ ಕಾಲದ ಮೇಸ್ತ್ರಿ ಯಾರಾದರೂ ಸಿಕ್ಕರೆ ಬಿಡಬೇಡಿ. ಅಂಬಾಸಡರಿನ 1,489 ಸಿಸಿ ಎಂಜಿನ್ನೂ ಎಂಜಿಬಿಯ 1,798 ಸಿಸಿ ಎಂಜಿನ್ನೂ ಒಂದೇ ಬಿಎಂಸಿ ಬಿ-ಸೀರೀಸ್ ಮನೆತನದವು. ಒಂದು ಎಸ್‌ಯು ಪಳಗಿಸಿದ ಕೈಗೆ ಎರಡನೆಯದು ದೊಡ್ಡದಲ್ಲ.

ಗಾಳಿ ಎಲ್ಲಿ ನುಗ್ಗುತ್ತಿದೆ

ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿದ್ದಾಗ ಕೈಯಿಂದ ಒತ್ತುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಂಚಿಗೆ, ಕಾರ್ಬ್ಯುರೇಟರ್ ಫ್ಲ್ಯಾಂಜಿಗೆ, ಥ್ರಾಟಲ್ ಸ್ಪಿಂಡಲ್ಲಿನ (ಥ್ರಾಟಲ್ ಬಿಲ್ಲೆ ತಿರುಗುವ ಕಂಬಿ) ಎರಡೂ ತುದಿಗೆ ಒಂದೊಂದಾಗಿ ಚಿಮುಕಿಸಿ. ಎಲ್ಲಿ ಚಿಮುಕಿಸಿದಾಗ ಐಡ್ಲಿಂಗ್ ಬದಲಾಗುತ್ತದೋ ಅಲ್ಲಿ ಸೋರಿಕೆ. ಗ್ಯಾರೇಜಿನಲ್ಲಿ ಇದಕ್ಕೆ ಪೆಟ್ರೋಲನ್ನೇ ಹಾಕುವುದುಂಟು. ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೇರ ಕೆಳಗಿದೆ, ಆ ಸಾಹಸ ಬೇಡ.

ಹೆಚ್ಚಾಗಿ ಸಿಕ್ಕಿಬೀಳುವುದು ಸ್ಪಿಂಡಲ್. ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಕಣ್ಣಿಗೆ ಕಾಣುವಷ್ಟು ಆಟ ಇದ್ದರೆ ಸವೆದಿದೆ. ಮೊದಲು ಹೊಸ ಸ್ಪಿಂಡಲ್ ಹಾಕಿ ನೋಡಿ. ಆಗಲೂ ಆಟ ಉಳಿದರೆ ಬಾಡಿಯ ತೂತು ರೀಮ್ ಮಾಡಿಸಿ ಬುಶ್ ಕೂರಿಸಬೇಕು. ಲೇತ್ ಕೆಲಸ ನಾಜೂಕಿನದು, ಎರಡೂ ಬುಶ್ ಒಂದೇ ಗೆರೆಯಲ್ಲಿ ಬರದಿದ್ದರೆ ಥ್ರಾಟಲ್ ಕಚ್ಚುತ್ತದೆ. ಸ್ಪಿಂಡಲ್ ಸೋರುವ ಕಾರಿಗೆ ಇನ್ನೊಂದು ಗುರುತು: ಐಡ್ಲಿಂಗ್ ಒಮ್ಮೆ 800ಕ್ಕೆ ಬಂದು ನಿಂತರೆ, ಇನ್ನೊಮ್ಮೆ ರೇಸ್ ಮಾಡಿ ಬಿಟ್ಟಾಗ 1,100ರಲ್ಲೇ ನಿಲ್ಲುತ್ತದೆ. ಕೆಲವು ಎಚ್‌ಎಸ್4ಗಳಲ್ಲಿ ಥ್ರಾಟಲ್ ಬಿಲ್ಲೆಯ ಮೇಲೇ ಸ್ಪ್ರಿಂಗಿನ ಪುಟ್ಟ ವಾಲ್ವ್ ಇರುತ್ತದೆ. ಅದರ ಸ್ಪ್ರಿಂಗ್ ಸೋತರೂ ಇದೇ ಲಕ್ಷಣ.

ಕ್ರ್ಯಾಂಕ್‌ಕೇಸ್ ಬ್ರೀದರನ್ನು (ಎಂಜಿನ್ ಹೊಟ್ಟೆಯ ಆವಿ ಎಳೆದುಕೊಳ್ಳುವ ದಾರಿ) ಯಾರೂ ನೋಡುವುದಿಲ್ಲ. ಮ್ಯಾನಿಫೋಲ್ಡ್ ಮೇಲೆ ಅಣಬೆಯಾಕಾರದ ವಾಲ್ವ್ ಇರುವ 60ರ ದಶಕದ ಎಂಜಿಬಿಯಲ್ಲಿ ಐಡ್ಲಿಂಗಿನಲ್ಲಿರುವಾಗ ಆಯಿಲ್ ಕ್ಯಾಪ್ ತೆಗೆಯಿರಿ. ವೇಗ ಸುಮಾರು 200 ಆರ್‌ಪಿಎಂ ಏರಿದರೆ ವಾಲ್ವ್ ಕೆಲಸ ಮಾಡುತ್ತಿದೆ. ಏನೂ ಬದಲಾಗದಿದ್ದರೆ ಬಿಚ್ಚಿ ತೊಳೆಯಿರಿ, ಡಯಾಫ್ರಂ ನೋಡಿ. ಇದರ ಜತೆಗೇ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಬಹಳ ದಿನ ರಿಚ್ ಓಡಿದ ಕಾರಿನ ಆಯಿಲಿಗೆ ಪೆಟ್ರೋಲ್ ಇಳಿದಿರುತ್ತದೆ. ಎಂಜಿನ್ ಕಾದಾಗ ಆ ಪೆಟ್ರೋಲ್ ಆವಿಯಾಗಿ ಬ್ರೀದರ್ ಮೂಲಕ ಮತ್ತೆ ಒಳಕ್ಕೆ ಬಂದು ಸಿಒ ಏರಿಸುತ್ತದೆ. ಜೆಟ್ ಎಷ್ಟು ಮೇಲಕ್ಕೆತ್ತಿದರೂ ಅಂಕಿ ಇಳಿಯುವುದಿಲ್ಲ. ವಾಸನೆ ಬಂದರೆ ಟ್ಯೂನಿಂಗಿಗೆ ಮುಂಚೆ ಆಯಿಲ್ ಬದಲಿಸಿ.

ವ್ಯಾಕ್ಯೂಮ್ ಗೇಜ್ ಹಾಕುವವರಿಗೆ ಒಂದು ಮಾತು. ಕೈಪಿಡಿಯ 17–21 ಇಂಚು (ಪಾದರಸದ ಇಂಚು) ಸಮುದ್ರಮಟ್ಟದ ಲೆಕ್ಕ. ಸಾವಿರ ಅಡಿಗೆ ಒಂದು ಇಂಚು ಕಳೆಯಬೇಕು. ದಾವಣಗೆರೆ ಸುಮಾರು 600 ಮೀಟರ್, ಚಿತ್ರದುರ್ಗ 730 ಮೀಟರ್ ಎತ್ತರದಲ್ಲಿವೆ. ಹಾಗಾಗಿ ಎರಡರಿಂದ ಎರಡೂವರೆ ಇಂಚು ಕಡಿಮೆ ತೋರಿಸುವುದು ಸಹಜ, ಎಂಜಿನ್ ಸೋತಿದೆ ಎಂದಲ್ಲ. ಇದೇ ಕಾರಣಕ್ಕೆ ಮಂಗಳೂರಿನಲ್ಲಿ ಟ್ಯೂನ್ ಆದ ಕಾರು ಘಟ್ಟ ಹತ್ತಿ ಇಲ್ಲಿಗೆ ಬಂದರೆ ಶೇ. 3ರಷ್ಟು ರಿಚ್ ಆಗಿರುತ್ತದೆ. ಮಿತಿಯ ಅಂಚಿನಲ್ಲಿದ್ದ ಕಾರು ಅಷ್ಟಕ್ಕೇ ಫೇಲ್.

ಈಗ ಕಾರ್ಬ್ಯುರೇಟರ್

ಏರ್ ಫಿಲ್ಟರ್ ಎರಡನ್ನೂ ಬಿಚ್ಚಿ. ಮಂಡಕ್ಕಿ ಭಟ್ಟಿಯ ಕಡೆ, ಮೆಕ್ಕೆಜೋಳದ ಸುಗ್ಗಿಯಲ್ಲಿ ಎಪಿಎಂಸಿ ಸುತ್ತ ಓಡಾಡುವ ಕಾರಿನ ಕಾಗದದ ಫಿಲ್ಟರ್ ಒಂದೇ ಹಂಗಾಮಿಗೆ ಕಟ್ಟಿಕೊಳ್ಳುತ್ತದೆ. ಫಿಲ್ಟರ್ ಕಟ್ಟಿದರೆ ಮಿಶ್ರಣ ರಿಚ್. ಅದಕ್ಕಿಂತ ಮೋಸದ ತಪ್ಪು ಫಿಲ್ಟರಿನ ಗ್ಯಾಸ್ಕೆಟ್ಟಿನದು. ಕಾರ್ಬ್ಯುರೇಟರಿನ ಬಾಯಂಚಿನಲ್ಲಿ ಪಿಸ್ಟನ್ನಿನ ಕೆಳಭಾಗಕ್ಕೆ ಗಾಳಿ ಕೊಡುವ ಎರಡು ಸಣ್ಣ ತೂತುಗಳಿವೆ. ಗ್ಯಾಸ್ಕೆಟ್ಟಿನಲ್ಲೂ ಅವಕ್ಕೆ ಸರಿಯಾಗಿ ತೂತು ಇರುತ್ತದೆ. ತಲೆಕೆಳಗಾಗಿ ಹಾಕಿದರೆ ಆ ತೂತು ಮುಚ್ಚಿಹೋಗಿ ಪಿಸ್ಟನ್ ಸರಿಯಾಗಿ ಏಳುವುದಿಲ್ಲ. ಗ್ಯಾಸ್ಕೆಟ್ ಎರಡೂ ಕಡೆಯಿಂದ ಬೋಲ್ಟಿಗೆ ಸರಿಯಾಗಿಯೇ ಕೂರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಎಂಜಿನ್ ನಿಲ್ಲಿಸಿ, ಮೇಲಿನ ಡ್ಯಾಂಪರ್ (ಪಿಸ್ಟನ್ ದಿಢೀರ್ ಏರದಂತೆ ತಡೆಯುವ, ಎಣ್ಣೆಯಲ್ಲಿ ಮುಳುಗಿದ ಕಡ್ಡಿ) ಬಿಚ್ಚಿ, ಬೆರಳಿನಿಂದ ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆತ್ತಿ ಬಿಡಿ. ಕೆಳಗಿನ ಬ್ರಿಡ್ಜಿಗೆ (ಜೆಟ್ಟಿನ ಬಾಯಿ ಇರುವ ಎತ್ತರದ ಲೋಹದ ತಳಕ್ಕೆ) ಬಡಿದು ಲೋಹದ ‘ಟಕ್’ ಕೇಳಬೇಕು. ಜೆಟ್ ಪೂರ್ತಿ ಮೇಲಿದ್ದಾಗಲೂ, ಪೂರ್ತಿ ಕೆಳಗಿದ್ದಾಗಲೂ ಅದೇ ಸದ್ದು ಬರಬೇಕು. ಜೆಟ್ ಮೇಲಿದ್ದಾಗ ಮಾತ್ರ ಸದ್ದು ಮಂಕಾದರೆ ಸೂಜಿ ಜೆಟ್ಟಿನ ಗೋಡೆಗೆ ಉಜ್ಜುತ್ತಿದೆ, ಜೆಟ್ ಸೆಂಟರಿಂಗ್ ಮಾಡಬೇಕು. ಸ್ಪ್ರಿಂಗಿನಿಂದ ಒಂದು ಕಡೆಗೆ ವಾಲುವ ಸೂಜಿಯಿರುವ ಮಾದರಿಗಳಿಗೆ ಸೆಂಟರಿಂಗ್ ಬೇಕಿಲ್ಲ. ಎರಡೂ ಸ್ಥಿತಿಯಲ್ಲಿ ಪಿಸ್ಟನ್ ತಡವರಿಸಿದರೆ ಡ್ಯಾಶ್‌ಪಾಟಿನಲ್ಲಿ (ಪಿಸ್ಟನ್ ಆಡುವ ಮೇಲಿನ ಗುಮ್ಮಟದಲ್ಲಿ) ಅಂಟು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ, ಎಮೆರಿ ಕಾಗದ ಹತ್ತಿರವೂ ತರಬೇಡಿ. ಪಿಸ್ಟನ್ನಿನ ಅಗಲವಾದ ಭಾಗದ ಅಂಚಿನ ಸುತ್ತ ಎಣ್ಣೆ ಸವರಬಾರದು, ನಡುವಿನ ಕಂಬಿಗೆ ಮಾತ್ರ ಎರಡು ಹನಿ. ಮುಂದಿನ ಡ್ಯಾಶ್‌ಪಾಟ್ ಹಿಂದಿನ ಪಿಸ್ಟನ್ನಿಗೆ ಹೋಗದಂತೆ ಬಿಚ್ಚುವ ಮೊದಲೇ ಗುರುತು ಹಾಕಿ. ಒಂದೊಂದು ಜೋಡಿಯೂ ಒಂದಕ್ಕೊಂದು ಅಳತೆ ಹಾಕಿ ಮಾಡಿದ್ದು.

ಒಳಗಿನ ಸ್ಪ್ರಿಂಗ್ ಎರಡರಲ್ಲೂ ಒಂದೇ ಬಣ್ಣದ್ದಿರಬೇಕು. ನೀಲಿ ಎರಡೂವರೆ ಔನ್ಸ್, ಕೆಂಪು ನಾಲ್ಕೂವರೆ, ಹಳದಿ ಎಂಟು, ಹಸಿರು ಹನ್ನೆರಡು. ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಹಳದಿ ಕೂತಿದ್ದರೆ ಎರಡನ್ನೂ ಬ್ಯಾಲೆನ್ಸ್ ಮಾಡುವುದು, ಅಂದರೆ ಸಮನಾಗಿ ಗಾಳಿ ಎಳೆಯುವಂತೆ ಮಾಡುವುದು, ನೀರಿನ ಮೇಲೆ ಬರೆದಂತೆ. ಸೂಜಿಯ ಮೇಲೆ ಕೊರೆದ ಅಕ್ಷರವೂ ಎರಡರಲ್ಲೂ ಒಂದೇ ಇರಬೇಕು.

ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಹೊಸ ಸೂಜಿ ಸುತ್ತಲೂ ಒಂದೇ ಮಂಕು ಹಿತ್ತಾಳೆ ಬಣ್ಣ. ಸವೆದ ಸೂಜಿಯ ಒಂದು ಮಗ್ಗುಲಲ್ಲಿ ಬುಡದಿಂದ ಅರ್ಧ ಇಂಚಿನವರೆಗೆ ಕನ್ನಡಿಯಂತೆ ಹೊಳೆಯುವ ಗೆರೆ ಕಾಣುತ್ತದೆ. ಉಗುರು ಅಡ್ಡ ಎಳೆದರೆ ಸಣ್ಣ ಮೆಟ್ಟಿಲೂ ತಾಗಬಹುದು. ಆ ಗೆರೆ ಕಂಡರೆ ಜೆಟ್ಟೂ ಸವೆದಿದೆ ಎಂದೇ ಲೆಕ್ಕ. ಸೂಜಿ, ಜೆಟ್ ಎರಡನ್ನೂ, ಎರಡೂ ಕಾರ್ಬ್ಯುರೇಟರಿಗೆ ಒಟ್ಟಿಗೆ ಬದಲಿಸಿ. ಬರೀ ಸೂಜಿ ಬದಲಿಸುವುದು ಹಳೇ ಬೀಗಕ್ಕೆ ಹೊಸ ಕೀಲಿ ಹಾಕಿದಂತೆ. ಹೊಸ ಸೂಜಿ ಕೂರಿಸುವಾಗ ಅದರ ಭುಜ ಪಿಸ್ಟನ್ನಿನ ತಳಕ್ಕೆ ಸಮನಾಗಿರಬೇಕು.

ಫ್ಲೋಟ್ ಮತ್ತು ಚೋಕ್: ರಿಚ್ ಆಗುವ ಅಗ್ಗದ ಕಾರಣಗಳು

ಫ್ಲೋಟ್ ಮುಚ್ಚಳ ಬಿಚ್ಚಿ ತಲೆಕೆಳಗೆ ಹಿಡಿದಾಗ ಫ್ಲೋಟಿಗೂ ಮುಚ್ಚಳದ ಅಂಚಿಗೂ 1/8ರಿಂದ 3/16 ಇಂಚು, ಅಂದರೆ 3ರಿಂದ 5 ಮಿ.ಮೀ. ಅಂತರ ಇರಬೇಕು. 1/8 ಇಂಚಿನ ಡ್ರಿಲ್ ಬಿಟ್ ಅಡ್ಡ ಇಟ್ಟು ನೋಡಿದರೆ ಸಾಕು. ಫ್ಲೋಟ್ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಎಸೆಯಿರಿ. ಫ್ಲೋಟ್ ಏರಿದಾಗ ಪೆಟ್ರೋಲ್ ದಾರಿ ಮುಚ್ಚುವ ಸೂಜಿ ವಾಲ್ವಿನ (ಜೆಟ್ಟಿನ ಸೂಜಿಯಲ್ಲ) ತುದಿಯಲ್ಲಿ ಉಂಗುರದಂಥ ಗೆರೆ ಬಿದ್ದಿದ್ದರೆ ಅದು ಪೂರ್ತಿ ಮುಚ್ಚುವುದಿಲ್ಲ.

ಮೂಲದ ಎಸ್‌ಯು ಪಂಪ್ ಕೊಡುವುದು ಎರಡೂವರೆಯಿಂದ ಮೂರು ಪಿಎಸ್‌ಐ. ಅದು ಕೆಟ್ಟಿತೆಂದು ಬೇರೆ ಕಾರಿನ ಎಲೆಕ್ಟ್ರಿಕ್ ಪಂಪ್ ಜೋಡಿಸಿದ್ದರೆ ಗೇಜ್ ಹಾಕಿ ನೋಡಿ. ಐದಾರು ಪಿಎಸ್‌ಐ ಬಂದರೆ ಫ್ಲೋಟ್ ಎಷ್ಟೇ ಸರಿಯಿದ್ದರೂ ಪೆಟ್ರೋಲ್ ಉಕ್ಕುತ್ತದೆ. ಪ್ರೆಷರ್ ರೆಗ್ಯುಲೇಟರ್ ಹಾಕದೆ ಬೇರೆ ದಾರಿಯಿಲ್ಲ.

ಎಸ್‌ಯುನಲ್ಲಿ ಚೋಕ್ ಎಳೆಯುವುದೆಂದರೆ ಜೆಟ್ಟನ್ನೇ ಕೆಳಕ್ಕೆ ಎಳೆಯುವುದು. ಡ್ಯಾಶ್‌ಬೋರ್ಡಿನ ಗುಂಡಿ ಒಳಗೆ ಹೋದ ಮಾತ್ರಕ್ಕೆ ಎರಡೂ ಜೆಟ್ ಮೇಲಕ್ಕೆ ಬಂದವೆಂದು ನಂಬಬೇಡಿ. ಫ್ಲೋಟ್ ಬಟ್ಟಲಿನಿಂದ ಬರುವ ನೈಲಾನ್ ಪೈಪು ಗಡಸಾಗಿ ತಿರುಚಿಕೊಂಡರೆ ಒಂದು ಜೆಟ್ ಅರ್ಧದಲ್ಲೇ ನಿಲ್ಲುತ್ತದೆ. ಎಂಜಿನ್ ಓಡುತ್ತಿರುವಾಗ ಕೆಳಗಿನಿಂದ ಒಂದೊಂದೇ ಜೆಟ್ಟನ್ನು ಬೆರಳಿನಿಂದ ಮೇಲಕ್ಕೆ ಒತ್ತಿ. ಒತ್ತಿದಾಗ ಜೆಟ್ ಅಲುಗಿ ಸಿಒ ಇಳಿದರೆ ಕಳ್ಳ ಸಿಕ್ಕಿದ. ಜೆಟ್ ನಿಲ್ಲಬೇಕಾದ ಜಾಗಕ್ಕೆ ಬಂದ ಮೇಲೂ ಚೋಕ್ ಕೇಬಲ್ಲಿನಲ್ಲಿ 1/16 ಇಂಚು ಸಡಿಲು ಉಳಿದಿರಬೇಕು. ಕಪ್ಪು ಪ್ಲಗ್ ತೋರಿಸಿ ಬಂದ ಕಾರುಗಳಲ್ಲಿ ಮೊದಲು ನೋಡಬೇಕಾದ್ದು ಇದೇ. ಒಂದು ಪೈಸೆ ಖರ್ಚಿಲ್ಲ.

ಡ್ಯಾಂಪರಿಗೆ 20ಡಬ್ಲ್ಯೂ-50 ಎಂಜಿನ್ ಆಯಿಲ್ ಸಾಕು. 90 ನಂಬರ್ ಗೇರ್ ಆಯಿಲ್ ಹಾಕಿದರೆ ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ ಬರಬಹುದು, ನಿಂತ ಐಡ್ಲಿಂಗಿನ ಸಿಒಗೆ ಅದರಿಂದ ಏನೂ ಆಗದು. ಸಿಒ ಇಳಿಸಲು ಡ್ಯಾಂಪರ್ ಆಯಿಲ್ ಬದಲಿಸಿ ಎನ್ನುವ ಸಲಹೆ ಕಿವಿಗೆ ಹಾಕಿಕೊಳ್ಳಬೇಡಿ.

ಬ್ಯಾಲೆನ್ಸ್, ಆಮೇಲೆ ಮಿಶ್ರಣ

ಜೆಟ್ ನಟ್ಟಿಗೆ ಆರು ಮಗ್ಗುಲು. ಒಂದು ಮಗ್ಗುಲು ಅಂದರೆ ಆರನೇ ಒಂದು ಸುತ್ತು. ನಟ್ಟು ಮೇಲಕ್ಕೆ ಹೋದರೆ ಲೀನ್, ಕೆಳಕ್ಕೆ ಬಂದರೆ ರಿಚ್. ಪಿಸ್ಟನ್ ತೆಗೆದು, ಜೆಟ್ಟಿನ ತಲೆ ಬ್ರಿಡ್ಜಿಗೆ ಸಮನಾಗುವವರೆಗೆ ಮೇಲೆತ್ತಿ, ಅಲ್ಲಿಂದ 12 ಮಗ್ಗುಲು, ಅಂದರೆ ಎರಡು ಸುತ್ತು, ಕೆಳಗಿಳಿಸಿ. ಎರಡರ ಆಳವೂ ಒಂದೇ ಇದೆಯೇ ಎಂದು ವರ್ನಿಯರ್ ಕ್ಯಾಲಿಪರಿನ ಬಾಲದಿಂದ ಅಳೆಯಿರಿ. ಕೆಲಸ ಶುರುವಾಗುವುದು ಇಲ್ಲಿಂದ.

ಎರಡು ಥ್ರಾಟಲ್ ಜೋಡಿಸುವ ಕಂಬಿಯ ಕ್ಲಾಂಪ್ ಬೋಲ್ಟುಗಳನ್ನು ಸಡಿಲಿಸಿ. ಸಡಿಲಿಸದೆ ಬ್ಯಾಲೆನ್ಸ್ ಮಾಡಿದರೆ ಒಂದು ಸ್ಕ್ರೂ ತಿರುಗಿಸಿದಾಗ ಎರಡೂ ಥ್ರಾಟಲ್ ಅಲುಗುತ್ತವೆ, ಸಂಜೆಯಾದರೂ ಮುಗಿಯದು. ಐಡ್ಲಿಂಗ್ ಸ್ಕ್ರೂಗಳನ್ನು ಪೂರ್ತಿ ಹಿಂದೆ ತೆಗೆದು, ತಾಗಿದಲ್ಲಿಂದ ಒಂದೊಂದು ಸುತ್ತು ಒಳಗೆ ಹಾಕಿ, ಎಂಜಿನ್ ಚಾಲೂ ಮಾಡಿ, ಬಿಸಿಯಾಗಲು ಬಿಡಿ. ಗಾಳಿ ಅಳೆಯುವ ಮೀಟರ್ ಇಲ್ಲದಿದ್ದರೆ ಒಂದು ಮೀಟರ್ ಉದ್ದದ ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರಿನ ಬಾಯಿಗೆ, ಎರಡರಲ್ಲೂ ಒಂದೇ ಜಾಗದಲ್ಲಿ ಹಿಡಿಯಿರಿ. ಕಾದ ದೋಸೆ ಹಂಚಿಗೆ ನೀರು ಎರಚಿದ ಹಾಗೆ ಚುಂಯ್‌ಗುಡುವ ಸದ್ದು ಎರಡರಲ್ಲೂ ಒಂದೇ ಗಟ್ಟಿಯಾಗುವವರೆಗೆ ಸ್ಕ್ರೂ ಸರಿಮಾಡಿ. 750ರಿಂದ 800 ಆರ್‌ಪಿಎಂನಲ್ಲಿ ನಿಲ್ಲಿಸಿ.

ಈಗ ಎರಡೂ ನಟ್ಟುಗಳನ್ನು ಸಮಸಮ, ಒಂದೊಂದೇ ಮಗ್ಗುಲು ತಿರುಗಿಸಿ. ಒಂದು ಮಗ್ಗುಲು ತಿರುಗಿಸಿದ ಮೇಲೆ 2,500ಕ್ಕೆ ರೇಸ್ ಮಾಡಿ ಬಿಟ್ಟು, ಅರ್ಧ ನಿಮಿಷ ಕಾದು ಅಂಕಿ ಓದಿ. ಮೆಷಿನ್ನಿನ ಪೈಪಿನಲ್ಲಿ ಹೊಗೆ ಸಾಗಿ ಬರಲು ಸಮಯ ಬೇಕು. ಕಾಯದೆ ತಿರುಗಿಸುತ್ತಾ ಹೋದರೆ ಗುರಿ ದಾಟಿಹೋಗುತ್ತದೆ. ಗುರಿ ಸಿಒ 2ರಿಂದ 2.5. ಇನ್ನೂ ಇಳಿಸೋಣ ಎಂಬ ಆಸೆ ಬೇಡ. 1.5ಕ್ಕಿಂತ ಕೆಳಗೆ ಹೋದಂತೆ ಈ ಎಂಜಿನ್‌ಗಳು ಐಡ್ಲಿಂಗಿನಲ್ಲಿ ಒಂದೊಂದು ಸಿಡಿತ ತಪ್ಪಿಸುತ್ತವೆ, ಎಚ್‌ಸಿ ಚಿಮ್ಮುತ್ತದೆ. ಸಿಒದಲ್ಲಿ ಪಾಸಾಗಿ ಎಚ್‌ಸಿಯಲ್ಲಿ ಫೇಲಾಗುವುದು ಹೀಗೆ.

ಒಂದೊಂದನ್ನೇ ಪರೀಕ್ಷಿಸಲು ಡ್ಯಾಶ್‌ಪಾಟಿನ ಕೆಳಗೆ ಪಕ್ಕದಲ್ಲಿರುವ ಪಿನ್ ಒತ್ತಿ ಪಿಸ್ಟನ್ನನ್ನು 1/32 ಇಂಚು, ಅಂದರೆ ಒಂದು ಮಿ.ಮೀ.ಗಿಂತ ಸ್ವಲ್ಪ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಏರಿಯೇ ನಿಂತರೆ ಆ ಕಾರ್ಬ್ಯುರೇಟರ್ ರಿಚ್. ಕೂಡಲೇ ಕುಸಿದರೆ ಲೀನ್. ಒಂದು ಕ್ಷಣ ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ಮುಂದಿನದು ಸರಿಮಾಡಿದ ಮೇಲೆ ಹಿಂದಿನದು, ಮತ್ತೆ ಮುಂದಿನದು. ನಡುವೆ ಬ್ಯಾಲೆನ್ಸ್ ಪೈಪ್ ಇರುವುದರಿಂದ ಒಂದರದು ಇನ್ನೊಂದಕ್ಕೆ ತಾಗುತ್ತದೆ. ಎರಡು ಮೂರು ಸುತ್ತು ಬೇಕು. ಎಲ್ಲ ಮುಗಿದ ಮೇಲೆ ಕ್ಲಾಂಪ್ ಬಿಗಿಮಾಡಿ, ಬಿಗಿಮಾಡಿದ ಮೇಲೂ ಪೈಪಿಟ್ಟು ಕೇಳಿ.

ಇ20 ಪೆಟ್ರೋಲಿನ ತಕರಾರು

ಈಗ ಬಂಕುಗಳಲ್ಲಿ ಸಿಗುವ ಮಾಮೂಲಿ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಬರೀ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಭಾಗಕ್ಕೆ 14.7 ಭಾಗ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಹತ್ತು ವರ್ಷದ ಹಿಂದೆ ಸರಿಯಾಗಿ ಕೂರಿಸಿದ ಜೆಟ್ ಇವತ್ತು ತಾನಾಗಿ ಲೀನ್. ಸಿಒ ಚೀಟಿಯಲ್ಲಿ ಚೆನ್ನಾಗೇ ಕಾಣುತ್ತದೆ, ಎಚ್‌ಸಿ ಏರುತ್ತದೆ, ಬೆಳಿಗ್ಗೆ ಚೋಕ್ ಬಿಟ್ಟ ಕೂಡಲೇ ಎಂಜಿನ್ ಕೆಮ್ಮುತ್ತದೆ. ಅಂಥ ಕಾರಿಗೆ ಎರಡು ಮಗ್ಗುಲು ಕೆಳಗಿಳಿಸಿ ಶುರುಮಾಡಿ.

ರಬ್ಬರಿನ ತೊಂದರೆ ಬೇರೆ. ಹಳೇ ಪೈಪಿನ ಒಳಪದರ ಕರಗಿ ಕಪ್ಪು ಪುಡಿ ಫ್ಲೋಟ್ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ವಾಲ್ವ್ ಮುಚ್ಚದೆ ಕಾರು ಇದ್ದಕ್ಕಿದ್ದಂತೆ ರಿಚ್. ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಪೈಪು, ವೈಟಾನ್ (ಎಥನಾಲಿಗೆ ಕರಗದ ರಬ್ಬರ್) ತುದಿಯ ಫ್ಲೋಟ್ ವಾಲ್ವು ಹಾಕಿ. ವಾರಕ್ಕೊಮ್ಮೆಯೂ ಹೊರಗೆ ತೆಗೆಯದ ಕಾರಾದರೆ ಟೆಸ್ಟಿಗೆ ಮುಂಚೆ ಫ್ಲೋಟ್ ಬಟ್ಟಲು ಖಾಲಿ ಮಾಡಿ, ಹೊಸ ಪೆಟ್ರೋಲ್ ಹಾಕಿಸಿ. ಎಥನಾಲ್ ಗಾಳಿಯ ತೇವ ಎಳೆದುಕೊಂಡು ನೀರಾಗಿ ತಳದಲ್ಲಿ ಕೂತಿರುತ್ತದೆ.

ಟೆಸ್ಟಿನ ದಿನ

ಸೆಂಟರ್ ಮನೆ ಪಕ್ಕದಲ್ಲೇ ಇದ್ದರೂ ನೇರ ಹೋಗಬೇಡಿ. ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆ ಹೋಗಿ ಬಂದರೆ, ಚಿತ್ರದುರ್ಗದವರಾದರೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಆಯಿಲೂ ಕಾಯುತ್ತದೆ, ಪ್ಲಗ್ಗಿನ ಮಸಿಯೂ ಉರಿದುಹೋಗುತ್ತದೆ. ನೀರು ಕಾದರೆ ಎಂಜಿನ್ ಕಾದಿದೆ ಎಂದರ್ಥವಲ್ಲ, ಆಯಿಲ್ ಕಾಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಕ್ಯೂ ಇದ್ದರೆ ಐಡ್ಲಿಂಗಿನಲ್ಲಿ ಬಿಟ್ಟು ಕಾಯಬೇಡಿ. ಏಪ್ರಿಲ್ ಬಿಸಿಲಿನಲ್ಲಿ ಬಾನೆಟ್ ಮುಚ್ಚಿ ಹತ್ತು ನಿಮಿಷ ನಿಂತರೆ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಕುದಿಯಲು ಶುರುವಾಗಿ ಸಿಒ ತಾನಾಗಿ ಏರುತ್ತದೆ. ಮ್ಯಾನಿಫೋಲ್ಡಿಗೂ ಕಾರ್ಬ್ಯುರೇಟರಿಗೂ ನಡುವಿನ ಶಾಖ ತಡೆಯುವ ತಗಡು ಬಿಚ್ಚಿ ಎಸೆದ ಕಾರಾದರೆ ಇನ್ನೂ ಬೇಗ. ಬೆಳಿಗ್ಗೆ ಹೊತ್ತಲ್ಲೇ ಹೋಗಿ, ಸರದಿ ಬರುವವರೆಗೆ ಬಾನೆಟ್ ಎತ್ತಿಡಿ. ಪ್ರೋಬ್ ಹಾಕುವ ಮುನ್ನ ಅರ್ಧ ನಿಮಿಷ 2,500ರಲ್ಲಿ ಹಿಡಿದು ಬಿಡಿ, ಮ್ಯಾನಿಫೋಲ್ಡಿನಲ್ಲಿ ನಿಂತ ಪೆಟ್ರೋಲ್ ಖಾಲಿಯಾಗಲಿ. ಇಷ್ಟಾದ ಮೇಲೆ ಮೊದಲು 2.4 ತೋರಿಸಿ ನೋಡನೋಡುತ್ತಾ 3.5ಕ್ಕೆ ಏರಿದರೆ ಜೆಟ್ ಮುಟ್ಟಬೇಡಿ, ಅದು ಶಾಖದ್ದು. ಮತ್ತೊಮ್ಮೆ ರೇಸ್ ಮಾಡಿಸಿ ಅಂಕಿ ತೆಗೆಸಿ.

ಪಾಸಾದ ಮೇಲೆ ಎರಡೂ ಜೆಟ್ ನಟ್ಟಿಗೆ ಬಾಡಿಯವರೆಗೂ ತಾಗುವಂತೆ ಬಣ್ಣದ ಒಂದೊಂದು ಗೆರೆ ಎಳೆದು, ಬ್ರಿಡ್ಜಿನಿಂದ ಎಷ್ಟು ಮಗ್ಗುಲು ಕೆಳಗಿದೆ ಎಂಬುದನ್ನು ಸರ್ಟಿಫಿಕೇಟಿನ ಹಿಂದೆ ಬರೆದಿಡಿ. ಆರು ತಿಂಗಳ ಮೇಲೆ ಗೆರೆ ಕದಲದೆ ಸಿಒ ಮಾತ್ರ ಏರಿದ್ದರೆ ನಟ್ಟು ಬಿಟ್ಟು ಫ್ಲೋಟ್, ಚೋಕ್, ಆಯಿಲ್ ನೋಡಿ. ಅವು ಮೂರೂ ಸರಿಯಿದ್ದು, ನಟ್ಟು ಪೂರ್ತಿ ಮೇಲಕ್ಕೆ ಹೋದರೂ ಸಿಒ 3ರ ಒಳಗೆ ಬರದಿದ್ದರೆ ಹೊಸ ಜೆಟ್, ಹೊಸ ಸೂಜಿ ತರಿಸಿ.